ನೋವಿನ ಕಾರ್ಡು ತೆಗೆಸಿದವರಿಗೆ

೧೪ ಜನವರಿ

ವರ್ತನಾ ಚಿಕಿತ್ಸಾ ಕೇಂದ್ರದ ಮೇಲ್ವಿಚಾರಕಿಯವರಿಗೆ,

ಕಳೆದ ವರ್ಷ ಜೂನ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹತ್ತೂವರೆಗೆ ನಿಮ್ಮ ಕೇಂದ್ರದ ಮೂರನೇ ಕೊಠಡಿಯಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳ ಪುಸ್ತಕದಿಂದ 'ನೋವು' ಎಂಬ ಕಾರ್ಡನ್ನು ಕಿತ್ತು ತೆಗೆಯಲಾಯಿತು. ತೆಗೆಸಿದವರು ನೀವು. ಆ ಹುಡುಗಿ ನನ್ನ ಮೊಮ್ಮಗಳು.

ನಿಮ್ಮಲ್ಲಿಗೆ ಬರುವ ಮಕ್ಕಳು ಬಹಳ, ನಿಮಗೆ ನೆನಪಿರಲಿಕ್ಕಿಲ್ಲ. ನನಗೆ ವಯಸ್ಸು ಎಪ್ಪತ್ತೊಂದಾದರೂ ಮರೆವು ಬಂದಿಲ್ಲ. ಮೂವತ್ತೆರಡು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವನು. ಯಾವ ಅಂಗಡಿಯ ಯಾವ ತಕ್ಕಡಿಗೆ ಯಾವ ವರ್ಷ ಮುದ್ರೆ ಒತ್ತಿದೆ ಎಂದು ಕೇಳಿದರೆ ಈಗಲೂ ಹೇಳುತ್ತೇನೆ.

ಹುಡುಗಿಯನ್ನು ನಾವು ಮಲ್ಲಿ ಎನ್ನುತ್ತೇವೆ. ಕೂಸಾಗಿದ್ದಾಗ ತೊಟ್ಟಿಲಲ್ಲೇ ಅಷ್ಟು ಉಲಿಯುತ್ತಿದ್ದಳೆಂದು ನಾನೇ 'ಮಾತಿನಮಲ್ಲಿ' ಅಂತ ಕರೆದಿದ್ದೆ. ಎರಡನೇ ವರ್ಷಕ್ಕೆ ಉಲಿಯುವುದು ನಿಂತಿತು, ಹೆಸರು ನಿಲ್ಲಲಿಲ್ಲ. ಆಟಿಸಂ ಎಂದರು. ಬಾಯಿಂದ ಬಾರದ ಮಾತನ್ನು ಚಿತ್ರದ ಕಾರ್ಡು ಕೊಟ್ಟು ಹೇಳುವುದನ್ನು ಕಲಿಸಿದವರು ನೀವೇ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಾಲ್ಕು ವರ್ಷದಲ್ಲಿ ನಲವತ್ತೊಂದು ಕಾರ್ಡು ಕಲಿತಳು. ನೀರು, ಉಯ್ಯಾಲೆ, ಅಮ್ಮ, ಬೇಡ, ಇನ್ನೂ. ಅವಳ ಇಡೀ ಭಾಷೆ ಒಂದು ಚೀಲದಲ್ಲಿ ಹಿಡಿಯುತ್ತಿತ್ತು. ಆ ನಲವತ್ತೊಂದರಲ್ಲಿ ಒಂದರ ಮೇಲೆ ಬಾಯಿ ಸೊಟ್ಟಗೆ ಮಾಡಿದ ದುಂಡು ಮುಖ, ಕೆನ್ನೆಯ ಮೇಲೆ ಕೆಂಪು ನಕ್ಷತ್ರ. ಅದೇ ನೋವು.

ಏಪ್ರಿಲಿನಿಂದ ಅವಳು ಆ ಕಾರ್ಡನ್ನು ದಿನಕ್ಕೆ ಇಪ್ಪತ್ತು, ಮೂವತ್ತು ಸಲ ಕೊಡತೊಡಗಿದಳು. ಕೆಲಸ ತಪ್ಪಿಸಿಕೊಳ್ಳಲು ಕೊಡುತ್ತಿದ್ದಾಳೆ ಎಂದು ನೀವು ತೀರ್ಮಾನಿಸಿದಿರಿ. ಕಾರ್ಡು ತೆಗೆಸಿದಿರಿ. ಆಮೇಲೆ ಅವಳು ಜನರ ಕೈ ಹಿಡಿದು ಕಿವಿಯ ಬಳಿ ಒಯ್ಯತೊಡಗಿದಳು, ಯಾರೂ ಗಮನ ಕೊಡಕೂಡದು ಎಂದಿರಿ. ಸೆಪ್ಟೆಂಬರಿಗೆ ಅದೂ ಸೊನ್ನೆಗೆ ಬಂತು. ನೀವು ಗ್ರಾಫ್ ಬರೆದಿರಿ.

ಅಕ್ಟೋಬರ್ ಹತ್ತೊಂಬತ್ತರ ಬೆಳಿಗ್ಗೆ ಹಲ್ಲುಜ್ಜಿಸುವಾಗ ನೀರು ಅವಳ ಬಾಯಿಯ ಎಡಗಡೆಯಿಂದ ಸೋರಿತು. ಮುಖದ ಅರ್ಧ ಜೋತುಬಿದ್ದಿತ್ತು. ಎಡಗಿವಿಯೊಳಗೆ ಬೆಳೆದ ಗಡ್ಡೆ ಹಿಂದಿನ ಮೂಳೆಯನ್ನು ತಿಂದು ಮುಖದ ನರಕ್ಕೆ ಮುಟ್ಟಿತ್ತು. ಆಪರೇಷನ್ ಆಯಿತು. ಆ ಕಿವಿ ಇನ್ನು ಕೇಳುವುದಿಲ್ಲ. ಎಡಗಣ್ಣು ಮುಚ್ಚುವುದಿಲ್ಲ. ಮಲಗಿಸುವಾಗ ನನ್ನ ಮಗಳು ರೆಪ್ಪೆ ಎಳೆದು ಪಟ್ಟಿ ಅಂಟಿಸುತ್ತಾಳೆ.

ನನ್ನ ಪ್ರಶ್ನೆ ಒಂದೇ. ಮಗು ನೋವು ಅಂದಾಗ ನೋವಿದೆಯೇ ಎಂದು ನೋಡದೆ ಆ ಮಾತನ್ನೇ ಕಿತ್ತುಕೊಳ್ಳಲು ನಿಮಗೆ ಹೇಳಿಕೊಟ್ಟವರು ಯಾರು? ಮನೆಯವರ ಒಪ್ಪಿಗೆ ಇತ್ತು ಎನ್ನಬೇಡಿ. ತಜ್ಞರು ನೀವು, ನಾವಲ್ಲ.

ಹತ್ತು ದಿನದೊಳಗೆ ಉತ್ತರ ಬರಲಿ.

ಮಲ್ಲಿಯ ತಾತ


೩ ಫೆಬ್ರವರಿ

ಮಾನ್ಯರೇ,

ತಮ್ಮ ಪತ್ರ ತಲುಪಿದೆ. ಮಗುವಿನ ಆರೋಗ್ಯದ ವಿಷಯ ತಿಳಿದು ಕೇಂದ್ರವು ವಿಷಾದಿಸುತ್ತದೆ.

ನಮ್ಮಲ್ಲಿ ಯಾವ ನಿರ್ಧಾರವೂ ಒಬ್ಬ ವ್ಯಕ್ತಿಯ ಅನಿಸಿಕೆಯಿಂದ ಆಗುವುದಿಲ್ಲ. ಪ್ರತಿ ವರ್ತನೆಗೂ ಒಂದು ಉದ್ದೇಶವಿರುತ್ತದೆ. ಅದನ್ನು ಎಣಿಕೆಯಿಂದ ಕಂಡುಕೊಳ್ಳಲಾಗುತ್ತದೆ. ಮಗುವಿಗೆ ಕೆಲಸ ಕೊಟ್ಟ ಅವಧಿಗಳಲ್ಲಿ ಸದರಿ ಕಾರ್ಡಿನ ಬಳಕೆ ಗಣನೀಯವಾಗಿ ಏರುತ್ತಿತ್ತು. ಕಾರ್ಡು ಕೊಟ್ಟೊಡನೆ ಕೆಲಸ ನಿಲ್ಲುತ್ತಿದ್ದುದರಿಂದ ಬಳಕೆ ಇನ್ನಷ್ಟು ಬಲಗೊಳ್ಳುತ್ತಿತ್ತು. ಹಾಗಾಗಿ ಕಾರ್ಡನ್ನು ತಾತ್ಕಾಲಿಕವಾಗಿ ಹಿಂಪಡೆಯಲಾಯಿತು. ಯೋಜನೆಗೆ ಮನೆಯವರ ಲಿಖಿತ ಒಪ್ಪಿಗೆ ಇದೆ.

ಮಗುವಿಗೆ ಜ್ವರವಾಗಲಿ, ಕಣ್ಣಿಗೆ ಕಾಣುವ ಗಾಯವಾಗಲಿ ಇರಲಿಲ್ಲ. ಕಿವಿಯ ಕಾಯಿಲೆ ನಮ್ಮ ಕ್ಷೇತ್ರದ ಹೊರಗಿನದು.

ಮಲ್ಲಿಯ ಸ್ಥಾನವನ್ನು ಮಾರ್ಚ್ ಹದಿನೈದರವರೆಗೆ ಕಾಯ್ದಿರಿಸಲಾಗಿದೆ. ಅನಂತರ ಕಾಯುವವರ ಪಟ್ಟಿಯಲ್ಲಿರುವ ಮಗುವಿಗೆ ಕೊಡಬೇಕಾಗುತ್ತದೆ ಎಂದು ತಿಳಿಸಲು ವಿಷಾದಿಸುತ್ತೇವೆ.

ಇಂತಿ,
ಮೇಲ್ವಿಚಾರಕಿ


೯ ಫೆಬ್ರವರಿ

ಮೇಲ್ವಿಚಾರಕಿಯವರಿಗೆ,

ನಿಮ್ಮ ಪತ್ರದಲ್ಲಿ ಎರಡು ಸಲ ವಿಷಾದಿಸಿದ್ದೀರಿ, ಒಂದು ಮಗುವಿನ ಕಿವಿ ಹೋದದ್ದಕ್ಕೆ, ಇನ್ನೊಂದು ಸೀಟು ಹೋಗುವುದಕ್ಕೆ. ಎರಡಕ್ಕೂ ಒಂದೇ ಅಳತೆ. ನಾನಾಗಿದ್ದರೆ ಆ ಅಳತೆಗೋಲಿಗೆ ಮುದ್ರೆ ಒತ್ತುತ್ತಿರಲಿಲ್ಲ.

'ಹಿಂಪಡೆಯಲಾಯಿತು', 'ಕಂಡುಕೊಳ್ಳಲಾಗುತ್ತದೆ'. ಕರ್ತೃವೇ ಇಲ್ಲದ ಕರ್ಮ. ನಾನು ಓದಿಕೊಂಡವನು, ಇಂಥ ವಾಕ್ಯಗಳನ್ನು ಎಲ್ಲೆಲ್ಲಿ ಬಳಸುತ್ತಾರೆಂದು ಗೊತ್ತು. ಪೊಲೀಸು ಠಾಣೆಯಲ್ಲಿ ಸತ್ತವನ ವರದಿಯೂ ಹೀಗೇ ಇರುತ್ತದೆ.

ಕಣ್ಣಿಗೆ ಕಾಣುವ ಗಾಯ ಇರಲಿಲ್ಲ ಎಂದಿರಿ. ಮೂಗಿಗೆ ಗೊತ್ತಾಗುವುದು ಇತ್ತು. ನಿಮ್ಮಲ್ಲಿ ಮಕ್ಕಳ ಮುಖ ಒರೆಸಿ, ಬಟ್ಟೆ ಬದಲಿಸುತ್ತಿದ್ದ ಆಯಮ್ಮ ಹೋದ ವಾರ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದಳು. ನನ್ನನ್ನು ಕಂಡು ಓಡಿಹೋಗುವವಳಂತೆ ಹೊರಟವಳು, ತಿರುಗಿ ಬಂದಳು.

"ಮಗು ಹೆಂಗಿದೆ ತಾತ?"

"ಅರ್ಧ ಮುಖ ಚೆನ್ನಾಗಿದೆ," ಅಂದೆ.

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. "ಮೂರು ಸಲ ಹೇಳಿದೆ ತಾತ ಆ ಮೇಡಂಗೆ. ಕಿವಿ ಹತ್ರ ವಾಸನೆ ಬರ್ತಿದೆ, ಸತ್ತ ಇಲಿ ವಾಸನೆ ಥರ, ಒಂದ್ಸಲ ನೋಡಿ ಅಂತ. ಮೂರನೇ ಸಲ ಏನಂದ್ರು ಗೊತ್ತಾ? 'ನೀನು ಆಯಾನೋ ಡಾಕ್ಟ್ರೋ?' ಅಂದ್ರು. ಮುಂದಿನ ತಿಂಗ್ಳು ನನ್ನ ಕೆಲಸಾನೇ ಹೋಯ್ತು. ಮಕ್ಕಳಿಗೆ ಗಮನ ಕೊಡ್ಬೇಡ ಅಂದಾಗ ಗಮನ ಕೊಟ್ಟೆ ಅಂತ."

ನಿಮ್ಮ ದಿನವಹಿಯಲ್ಲಿ ಆ ವಾಸನೆ ಹೇಗೆ ದಾಖಲಾಗಿದೆ ಗೊತ್ತೇ? ಆಸ್ಪತ್ರೆಯವರು ಕೇಳಿದಾಗ ನೀವೇ ಕಳಿಸಿದ ಪ್ರತಿ ನನ್ನ ಮುಂದಿದೆ. 'ಶುಚಿತ್ವ: ಮನೆಯವರಿಗೆ ಸ್ನಾನದ ಬಗ್ಗೆ ತಿಳಿಸುವುದು.' ನೆಗಡಿ ಬಂತೆಂದು ಮೂಗು ಕೊಯ್ದವನ ಕಥೆ ಕೇಳಿದ್ದೆ. ನೀವು ಕೀವಿಗೆ ಸೋಪು ಹಚ್ಚಲು ಹೇಳಿದವರು.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಆಪರೇಷನ್ ಆಗಿ ಆರನೇ ದಿನ ಗಾಯದೊಳಗೆ ತುರುಕಿದ್ದ ಬಟ್ಟೆಯನ್ನು ಹೊರಗೆಳೆಯಬೇಕಿತ್ತು. ದೊಡ್ಡವರೇ ಕಿರುಚುತ್ತಾರೆ, ನಾಲ್ಕು ಜನ ಹಿಡ್ಕೊಳ್ಳಿ ಎಂದು ನರ್ಸು ಹೇಳಿದ್ದಳು. ಹಿಡಿಯುವ ಅಗತ್ಯ ಬೀಳಲಿಲ್ಲ. ಮಲ್ಲಿ ನೀವು ಕಲಿಸಿದಂತೆ 'ಕೈ ಸುಮ್ಮನೆ' ಮಾಡಿ, ಎರಡೂ ಅಂಗೈ ತೊಡೆಯ ಮೇಲಿಟ್ಟುಕೊಂಡು ಕೂತಳು. ನರ್ಸು ಗೇಣುದ್ದದ ಬಟ್ಟೆ ಎಳೆಯುತ್ತ ಹೋದಳು. ಸದ್ದಿಲ್ಲ. ಮುಚ್ಚದ ಕಣ್ಣಿಂದಲೂ ಮುಚ್ಚಿದ ಕಣ್ಣಿಂದಲೂ ನೀರು ಸುರಿಯುತ್ತಿತ್ತು. ಮುಗಿದ ಮೇಲೆ ಅವಳು ಬಲಗೈ ಮುಂದೆ ಚಾಚಿದಳು. ನರ್ಸಿಗೆ ಅರ್ಥವಾಗಲಿಲ್ಲ.

"ಏನ್ ಬೇಕಂತೆ ಪಾಪ?"

ಸುಮ್ಮನೆ ಕೂತಿದ್ದಕ್ಕೆ ಕೊಡುವ ಒಣದ್ರಾಕ್ಷಿ ಕೇಳುತ್ತಿದ್ದಳು.

ನಿಮ್ಮ ಯೋಜನೆ ಪೂರ್ತಿ ಯಶಸ್ವಿ. ಅಭಿನಂದನೆ. ಸೀಟು ಬೇರೆಯವರಿಗೆ ಕೊಡಿ. ಅಲ್ಲ, ಕೊಡಬೇಡಿ. ಆ ಮಗುವಿನ ಅಪ್ಪ ಅಮ್ಮನಿಗೆ ಮೊದಲು ಇದನ್ನು ಓದಿ ಹೇಳಿ.

ಮಲ್ಲಿಯ ತಾತ


೧ ಮಾರ್ಚ್

ಸರ್,

ಈ ಪತ್ರವನ್ನು ಕೇಂದ್ರದ ಪರವಾಗಿ ಬರೆಯುತ್ತಿಲ್ಲ. ನಿಮ್ಮ ಪತ್ರದ ಪ್ರತಿಯನ್ನು ನೀವು ನಿರ್ದೇಶಕರಿಗೂ ಕಳಿಸಿದ್ದೀರಿ. ಅವರು ನನ್ನನ್ನು ಕರೆದು ಅದನ್ನು ಗಟ್ಟಿಯಾಗಿ ಓದಿಸಿದರು. ನಿಂತುಕೊಂಡು ಓದಿದೆ.

ಕರ್ತೃ ಯಾರು ಎಂದು ಕೇಳುತ್ತೀರಿ. ಮನೆ ಮತ್ತು ಕೇಂದ್ರದ ನಡುವೆ ಓಡಾಡುತ್ತಿದ್ದ ಕಂದು ರಟ್ಟಿನ ಪುಸ್ತಕ ನಮ್ಮ ಕಪಾಟಿನಲ್ಲಿದೆ. ಮನೆಯ ಪುಟಗಳನ್ನು ತುಂಬುತ್ತಿದ್ದವರು ಮಲ್ಲಿಯ ಅಮ್ಮನಲ್ಲ. ಅಕ್ಷರ ಬಹಳ ದುಂಡಗಿದೆ, ಓದಲು ಕಷ್ಟವಾಗಲಿಲ್ಲ. ಕೆಲವನ್ನು ಇಳಿಸಿದ್ದೇನೆ.

'ಮೇ ೨೭. ಇಂದು ಮನೆಯಲ್ಲಿ ಹದಿನೇಳು ಸಲ ನೋವಿನ ಕಾರ್ಡು ಕೊಟ್ಟಳು. ಹೆಚ್ಚಿನವು ಊಟಕ್ಕೆ ಕೂರಿಸಿದಾಗಲೇ. ಶುದ್ಧ ನಾಟಕ.'

'ಜೂನ್ ೬. ದಯವಿಟ್ಟು ಇನ್ನಷ್ಟು ಬಿಗಿಯಾಗಿರಿ. ಅವಳ ಅಮ್ಮನ ಮಾತಿಗೆ ಬೆಲೆ ಕೊಡಬೇಡಿ, ಆಕೆ ಬೆಣ್ಣೆಯಂತೆ ಕರಗುತ್ತಾಳೆ. ಒಪ್ಪಿಗೆ ಪತ್ರಕ್ಕೆ ನಾನು ಸಹಿ ಮಾಡಿ ಕಳಿಸಿದ್ದೇನೆ.'

'ಜೂನ್ ೧೯. ಕಾರ್ಡು ಇಲ್ಲದ್ದರಿಂದ ಮನೆ ಶಾಂತವಾಗಿದೆ. ಧನ್ಯವಾದ.'

'ಆಗಸ್ಟ್ ೨. ನನ್ನ ಕೈ ಹಿಡಿದು ತನ್ನ ಕಿವಿಯ ಮೇಲೆ ಇಟ್ಟುಕೊಂಡಳು. ನಿಮ್ಮ ಸೂಚನೆಯಂತೆ ಕೈ ಹಿಂದೆಗೆದು ಗೋಡೆ ನೋಡಿದೆ. ಮೂರು ಸಲ ಬಂದಳು. ನಾಲ್ಕನೆಯ ಸಲ ಬರಲಿಲ್ಲ. ಫಲಿತಾಂಶ ಅದ್ಭುತ.'

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರನ್ನು ನೋಡಿದ್ದೆ. ಕಾಯಿಯನ್ನು ಹೆಗಲ ಮೇಲೆ ಇಟ್ಟುಕೊಂಡೇ ಕಳ್ಳ ಕಳ್ಳ ಎಂದು ಕೂಗುವವರನ್ನು ನೋಡಿರಲಿಲ್ಲ.

ಇನ್ನು ಮುಂದೆ ನಿರ್ದೇಶಕರಿಗೆ ಬರೆಯುವಾಗ ಈ ಪುಟಗಳನ್ನೂ ಲಗತ್ತಿಸಿ. ಅಥವಾ ನಾನೇ ಲಗತ್ತಿಸುತ್ತೇನೆ. ನಿಮ್ಮ ಮಗಳು ಇವನ್ನು ಓದಿದ್ದಾರೆಯೇ?

ಮೇಲ್ವಿಚಾರಕಿ


೨೦ ಏಪ್ರಿಲ್

ಮೇಲ್ವಿಚಾರಕಿಯವರಿಗೆ,

ಏಳು ವಾರ ಬರೆಯಲಿಲ್ಲ. ಹೆದರಿ ಸುಮ್ಮನಾದ ಮುದುಕ ಎಂದುಕೊಂಡಿರಬೇಕು. ಅರ್ಧ ಸರಿ.

ಆ ಸಾಲುಗಳೆಲ್ಲ ನನ್ನವೇ. ನೀವು ಒಂದನ್ನು ಬಿಟ್ಟಿದ್ದೀರಿ, ಸೆಪ್ಟೆಂಬರ್ ಹತ್ತರದ್ದು. 'ಸೊನ್ನೆ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ಸಂತೋಷಕ್ಕೆ.

ನನಗೆ ನಿಮ್ಮ ಕೇಂದ್ರ ಏಕೆ ಹಿಡಿಸಿತು ಎಂದು ಹೇಳಿಬಿಡುತ್ತೇನೆ. ಉಳಿದವರೆಲ್ಲ "ನೋಡೋಣ", "ದೇವರಿದ್ದಾನೆ" ಎನ್ನುತ್ತಿದ್ದರು. ನೀವು ಎಣಿಸುತ್ತಿದ್ದಿರಿ. ಗುಂಡಿ ಒತ್ತಿದರೆ ಒಂದು ಏರುವ ಪುಟ್ಟ ಎಣಿಕೆ ಯಂತ್ರವನ್ನು ನನ್ನ ಕೈಗೆ ಕೊಟ್ಟಿರಿ. ನಿವೃತ್ತಿಯಾಗಿ ಹನ್ನೊಂದು ವರ್ಷದ ಮೇಲೆ ನನಗೆ ಮತ್ತೆ ಇಲಾಖೆ ಸಿಕ್ಕಿದಂತಾಯಿತು. ಮೊಮ್ಮಗಳು ಕಾರ್ಡು ಕೊಟ್ಟಾಗ ನಾನು ಅವಳ ಮುಖ ನೋಡುತ್ತಿರಲಿಲ್ಲ, ಯಂತ್ರ ಒತ್ತುತ್ತಿದ್ದೆ.

ನನ್ನ ಮಗಳು ಹೊಲಿಗೆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು. ಅಳಿಯ ಎನಿಸಿಕೊಂಡವನು ಮಲ್ಲಿಗೆ ಮಾತು ಬರುವುದಿಲ್ಲ ಎಂದು ಗೊತ್ತಾದ ವರ್ಷ ಇನ್ನೊಂದು ಸಂಸಾರ ಹುಡುಕಿಕೊಂಡ. ಅವಳು ಬೆಳಿಗ್ಗೆ ಹೋದರೆ ಸಂಜೆ ಬರುವುದು. ಮಗುವನ್ನು ಬಸ್ಸಿನಲ್ಲಿ ಕರೆತರುವುದು, ಪುಸ್ತಕ ಬರೆಯುವುದು, ಸಹಿ ಹಾಕುವುದು, ಎಲ್ಲ ನಾನೇ. ಜೂನ್ ಮೊದಲ ವಾರ ಅವಳು ತಟ್ಟೆಯ ಮುಂದೆ ಕೂತು ಅತ್ತಿದ್ದಳು.

"ಅಪ್ಪಾ, ಒಂದೇ ಒಂದ್ಸಲ ಡಾಕ್ಟ್ರಿಗೆ ತೋರ್ಸೋಣ. ಅಗಿಯೋವಾಗ್ಲೇ ಯಾಕೆ ಕೊಡ್ತಾಳೆ ಆ ಕಾರ್ಡು?"

"ಊಟ ಬೇಡ ಅಂತ ಕೊಡ್ತಾಳೆ. ನಿನ್ನ ಮುದ್ದಿನಿಂದ್ಲೇ ಅವಳು ಹಿಂಗಾಗಿರೋದು."

"ನೀವು ಹೆತ್ತಿದ್ರೆ ಗೊತ್ತಾಗ್ತಿತ್ತು."

"ನೀನು ಎಣಿಸಿದ್ರೆ ಗೊತ್ತಾಗ್ತಿತ್ತು."

ಹೀಗೆ ಹೇಳಿದವನು ನಾನು. ಅಗಿಯುವಾಗ ದವಡೆ ಅಲುಗಿ ಕಿವಿ ಸಿಡಿಯುತ್ತದೆ ಎಂದು ಡಾಕ್ಟರು ಅಕ್ಟೋಬರಿನಲ್ಲಿ ಹೇಳಿದಾಗ ಮಗಳು ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ನಿಮ್ಮ ಪತ್ರವನ್ನು ಅವಳ ಕೈಗೆ ಕೊಟ್ಟೆ. ನೀವು ಕೇಳಿದಿರಲ್ಲ, ಓದಿದ್ದಾರೆಯೇ ಎಂದು. ಆಗಸ್ಟ್ ಎರಡರ ಸಾಲನ್ನು ಎರಡು ಸಲ ಓದಿದಳು. "ಇದನ್ನ ನೀವು ಆವತ್ತು ನಂಗೆ ಹೇಳ್ಲಿಲ್ಲ," ಎಂದಷ್ಟೇ ಹೇಳಿದಳು. ಮಾರ್ಚ್ ಹನ್ನೆರಡಕ್ಕೆ ಮಗುವನ್ನು ಕರೆದುಕೊಂಡು ಕಾರ್ಖಾನೆಯ ಪಕ್ಕ ಒಂದು ಕೋಣೆ ಹಿಡಿದು ಹೋದಳು. ಭಾನುವಾರ ಒಂದು ಗಂಟೆ ನೋಡಲು ಬಿಡುತ್ತಾಳೆ. ಬಾಗಿಲು ತೆರೆದೇ ಇಟ್ಟಿರುತ್ತಾಳೆ. ನಾನು ಮಲ್ಲಿಯ ಪಕ್ಕ ಕೂತರೆ ಅವಳು ಕೈ ತೊಡೆಯ ಮೇಲಿಟ್ಟುಕೊಂಡು ಗೋಡೆ ನೋಡುತ್ತಾಳೆ. ಅದು ನನ್ನಿಂದ ಕಲಿತದ್ದು. ನೋವಿನ ಕಾರ್ಡು ಮತ್ತೆ ಪುಸ್ತಕಕ್ಕೆ ಬಂದಿದೆ, ಮೊದಲ ಪುಟದಲ್ಲೇ. ಮುಟ್ಟುವುದಿಲ್ಲ. ಹೋದ ತಿಂಗಳು ಕುದಿಯುವ ಹಾಲು ಪಾದದ ಮೇಲೆ ಚೆಲ್ಲಿ ಬೊಬ್ಬೆ ಎದ್ದಿತ್ತಂತೆ. ಸ್ನಾನ ಮಾಡಿಸುವವರೆಗೆ ಅವಳ ಅಮ್ಮನಿಗೂ ಗೊತ್ತಾಗಲಿಲ್ಲ.

ನಿಮ್ಮ ಬಾಣ ಸರಿಯಾಗಿ ನಾಟಿತು. ಆದರೆ ನನ್ನ ತಪ್ಪು ನಿಮಗೆ ಬಿಡುಗಡೆ ಪತ್ರವಲ್ಲ. ಕಳ್ಳತಕ್ಕಡಿಯಲ್ಲಿ ಕೊಂಡವನು ಪೆದ್ದನಾಗಿದ್ದ ಎಂದ ಮಾತ್ರಕ್ಕೆ ತಕ್ಕಡಿ ನ್ಯಾಯದ್ದಾಗುವುದಿಲ್ಲ. ನಾನು ಮುದುಕ, ಅಹಂಕಾರಿ, ನಿಮ್ಮ ವಿದ್ಯೆ ಓದಿದವನಲ್ಲ. ನೀವು ಓದಿದವರು. ಮೊದಲು ಕಾಯಿಲೆ ಇದೆಯೇ ನೋಡಿ, ಆಮೇಲೆ ವರ್ತನೆ ತಿದ್ದಿ ಎಂಬುದು ನಿಮ್ಮ ವೃತ್ತಿಯ ನಿಯಮಾವಳಿಯಲ್ಲಿಯೇ ಇದೆ. ಈ ಏಳು ವಾರದಲ್ಲಿ ಗ್ರಂಥಾಲಯದಲ್ಲಿ ಕೂತು ಓದಿದೆ. ಮನೆಯವರು ಸಹಿ ಹಾಕಿದರೂ ಮಗುವಿಗೆ ಹಾನಿಯಾಗುವುದನ್ನು ಮಾಡಕೂಡದು ಎಂದೂ ಇದೆ. ಸಂವಹನದ ದಾರಿಯನ್ನು ಕಿತ್ತುಕೊಳ್ಳಕೂಡದು ಎಂದೂ ಇದೆ.

ಈಗ ಬೇರೆ ಪ್ರಶ್ನೆ. ನನ್ನ ಮಲ್ಲಿಯದು ಮುಗಿದ ಕಥೆ. ಮಲ್ಲಿಯ ಗ್ರಾಫನ್ನು ನೀವು ಹೊಸ ಥೆರಪಿಸ್ಟುಗಳ ತರಬೇತಿಯಲ್ಲಿ ತೋರಿಸುತ್ತಿದ್ದೀರಿ ಎಂದು, ಅಲ್ಲಿ ಇನ್ನೂ ಕೆಲಸದಲ್ಲಿರುವವರಿಂದ ಕೇಳಿ, ಆಯಮ್ಮ ಹೇಳಿದಳು. ನಿಜವೇ? ಇವತ್ತು, ಈ ವಾರ, ಇನ್ನೆಷ್ಟು ಮಕ್ಕಳ ಪುಸ್ತಕದಿಂದ ಕಾರ್ಡು ತೆಗೆದಿದ್ದೀರಿ?

ಮಲ್ಲಿಯ ತಾತ


೨ ಮೇ

ಸರ್,

ಮನೆಯಿಂದ ಬರೆಯುತ್ತಿದ್ದೇನೆ, ಕೈಯಲ್ಲೇ. ಕೇಂದ್ರದ ಕಂಪ್ಯೂಟರಿನಲ್ಲಿ ಬರೆದದ್ದೆಲ್ಲ ಉಳಿಯುತ್ತದೆ.

ನಿಮ್ಮ ಮಗಳ ವಿಷಯ ಓದಿದೆ. ಆ ಪುಟಗಳನ್ನು ನಿಮ್ಮ ಬಾಯಿ ಮುಚ್ಚಿಸಲು ಇಳಿಸಿದ್ದೆ. ನೀವು ಅವರ ಕೈಗೆ ಕೊಡುತ್ತೀರಿ ಎಂದುಕೊಂಡಿರಲಿಲ್ಲ.

ನಿಜ ಹೇಳುತ್ತೇನೆ. ಒಂದು ವರ್ತನೆ ಯಾಕೆ ಬರುತ್ತದೆಂದು ತಿಳಿಯಲು ನಾವು ಮಗುವನ್ನು ಬೇರೆ ಬೇರೆ ಸನ್ನಿವೇಶಗಳಲ್ಲಿ ಇಟ್ಟು ಎಣಿಸುತ್ತೇವೆ. ಕೆಲಸ ಕೊಟ್ಟಾಗ ಎಷ್ಟು, ಒಂಟಿಯಾಗಿ ಬಿಟ್ಟಾಗ ಎಷ್ಟು, ಬರೀ ಆಟಕ್ಕೆ ಬಿಟ್ಟಾಗ ಎಷ್ಟು. ಕೆಲಸ ತಪ್ಪಿಸಿಕೊಳ್ಳಲು ಕೊಡುವ ಕಾರ್ಡಾದರೆ ಆಟದ ಹೊತ್ತಿನಲ್ಲಿ ಬರಬಾರದು, ಅಲ್ಲಿ ತಪ್ಪಿಸಿಕೊಳ್ಳಲು ಏನೂ ಇರುವುದಿಲ್ಲ. ಮಲ್ಲಿಯನ್ನು ಉಯ್ಯಾಲೆಯ ಮೇಲೆ ಬಿಟ್ಟ ನಾಲ್ಕು ಅವಧಿಗಳಲ್ಲಿ ಅವಳು ಒಂಬತ್ತು ಸಲ ನೋವಿನ ಕಾರ್ಡು ಕೊಟ್ಟಳು. ಅವಳಿಗೆ ಪ್ರಾಣವಾದ ಉಯ್ಯಾಲೆಯಿಂದ ಇಳಿದು ಬಂದು ಕೊಟ್ಟಳು.

ಆ ನಾಲ್ಕು ಅವಧಿಗಳನ್ನು 'ಅಸಹಜ ದಿನಗಳು' ಎಂದು ಬರೆದು ನಾನು ಗ್ರಾಫಿನಿಂದ ಬಿಟ್ಟೆ.

ಯಾಕೆ ಎಂದು ಕೇಳುತ್ತೀರಿ. ನೋವು ಎಂದು ಒಪ್ಪಿಕೊಂಡರೆ ಮಗುವನ್ನು ಡಾಕ್ಟರ ಹತ್ತಿರ ಕಳಿಸಬೇಕು. ವರದಿ ಬರುವವರೆಗೆ ಯೋಜನೆ ನಿಲ್ಲಿಸಬೇಕು. ಆ ತಿಂಗಳು ನನ್ನಲ್ಲಿ ಒಬ್ಬೊಬ್ಬ ಥೆರಪಿಸ್ಟಿಗೂ ನಾಲ್ಕು ಮಕ್ಕಳ ಹೊಣೆ ಇತ್ತು. ನಿರ್ದೇಶಕರು ಪ್ರತಿ ಸೋಮವಾರ "ಎಷ್ಟು ಗುರಿ ಮುಗಿದವು?" ಎಂದು ಕೇಳುತ್ತಿದ್ದರು. ಮನೆಯವರೇ ನಾಟಕ ಎಂದು ಬರೆದಿದ್ದರು. ಇವೆಲ್ಲ ಕಾರಣಗಳು. ನಿಜವಾದ ಕಾರಣ, ನನಗೂ ಅದು ನಾಟಕ ಅನ್ನಿಸಿತ್ತು, ಮತ್ತು ನನ್ನ ಅನಿಸಿಕೆಗೆ ಒಪ್ಪದ ಅಂಕಿಗಳು ನನಗೆ ಬೇಡವಾಗಿದ್ದವು. ಕಾಯಿಲೆಯನ್ನು ಮೊದಲು ನೋಡಿ ಎಂಬ ಪಾಠವನ್ನು ಶನಿವಾರ ಶನಿವಾರ ಹೊಸಬರಿಗೆ ನಾನೇ ಹೇಳಿಕೊಡುತ್ತೇನೆ. ಅದೇ ತರಗತಿಯಲ್ಲಿ ಮಲ್ಲಿಯ ಗ್ರಾಫ್ ತೋರಿಸುತ್ತೇನೆ. ಪ್ರೊಜೆಕ್ಟರಿನಿಂದ ಅದು ಗೋಡೆಯ ಮೇಲೆ ಬಿದ್ದಾಗ ಎಲ್ಲರೂ ಬರೆದುಕೊಳ್ಳುತ್ತಾರೆ. ಅಷ್ಟು ಚೆನ್ನಾಗಿ ಇಳಿಯುತ್ತದೆ ಅದರ ಗೆರೆ.

ನಿಮ್ಮ ಪ್ರಶ್ನೆಗೆ ಉತ್ತರ: ಹನ್ನೊಂದು ಮಕ್ಕಳು. ಮಲ್ಲಿಯ 'ಯಶಸ್ಸಿನ' ನಂತರ ಕೇಂದ್ರದಲ್ಲಿ ಅದೊಂದು ಪದ್ಧತಿಯಾಗಿದೆ. ಕಣ್ಣಿಗೆ ಕಾಣುವ ಕಾರಣವಿಲ್ಲದೆ ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸಲ ಒಂದೇ ಕಾರ್ಡು ಕೊಟ್ಟರೆ ಆರು ವಾರ ತೆಗೆಯುವುದು. ಆರು ವಾರ ಎಂದು ಬರೆದಿರುತ್ತದೆ, ವಾಪಸು ಹಾಕಿದ್ದು ನಾನು ಕಂಡಿಲ್ಲ. ಎಂಟು ಮಕ್ಕಳದು ನೋವಿನ ಕಾರ್ಡು. ಇಬ್ಬರದು 'ಬೇಡ'. ಒಬ್ಬನದು 'ಅಮ್ಮ'.

ಜುಲೈನಲ್ಲಿ ಕೇಂದ್ರದ ತಪಾಸಣೆ ಇದೆ. ಅದು ಮುಗಿದ ಮೇಲೆ ಒಂದೊಂದಾಗಿ, ಯಾರಿಗೂ ಗೊತ್ತಾಗದಂತೆ ಕಾರ್ಡುಗಳನ್ನು ನಾನೇ ವಾಪಸು ಹಾಕುತ್ತೇನೆ. ಮಾತು ಕೊಡುತ್ತೇನೆ. ಅಷ್ಟು ಕಾಲ ಸುಮ್ಮನಿರಿ. ಈಗ ಗದ್ದಲವಾದರೆ ಕೇಂದ್ರ ಮುಚ್ಚುತ್ತದೆ, ಎಂಬತ್ತು ಮಕ್ಕಳು ಮನೆಯಲ್ಲಿ ಕೂರುತ್ತಾರೆ, ನನ್ನ ಪರವಾನಗಿ ಹೋಗುತ್ತದೆ. ನನಗೆ ಈ ವಿದ್ಯೆ ಬಿಟ್ಟರೆ ಬೇರೆ ಗೊತ್ತಿಲ್ಲ.

ದಯವಿಟ್ಟು ಇದನ್ನು ಓದಿ ಹರಿದುಹಾಕಿ.


೯ ಮೇ

ಮೇಲ್ವಿಚಾರಕಿಯವರಿಗೆ,

ಹರಿದುಹಾಕಲಿಲ್ಲ. ಪ್ರತಿ ಮಾಡಿಸಿದ್ದೇನೆ.

ನೀವು ನಂಬಿ ಬರೆದಿರಿ, ನಾನು ನಂಬಿಕೆ ಮುರಿಯುತ್ತಿದ್ದೇನೆ. ಈ ಮಾತು ನನ್ನ ಕಿವಿಗೂ ಕೆಟ್ಟದಾಗಿ ಕೇಳಿಸುತ್ತಿದೆ. ಆದರೂ ಮುರಿಯುತ್ತೇನೆ, ಯಾಕೆಂದು ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿ ಒಂಬತ್ತನೇ ವರ್ಷ. ಒಂದು ಹೆರಿಗೆ ಆಸ್ಪತ್ರೆಯಲ್ಲಿ ಕೂಸುಗಳನ್ನು ತೂಗುವ ತಕ್ಕಡಿ ಪರೀಕ್ಷಿಸಲು ಹೋಗಿದ್ದೆ. ನಮ್ಮ ಕಲ್ಲಿಟ್ಟು ನೋಡಿದೆ. ಅದು ಪ್ರತಿ ಕೂಸಿಗೂ ಇನ್ನೂರು ಗ್ರಾಂ ಹೆಚ್ಚು ತೋರಿಸುತ್ತಿತ್ತು. ಅಂದರೆ ಸಣಕಲು ಕೂಸುಗಳೆಲ್ಲ ಕಾಗದದ ಮೇಲೆ ಆರೋಗ್ಯವಂತವಾಗಿ ಮನೆಗೆ ಹೋಗುತ್ತಿದ್ದವು. ಅಲ್ಲಿನ ಹಿರಿಯ ವೈದ್ಯರು ನನ್ನ ಕೈ ಹಿಡಿದುಕೊಂಡರು. "ಸರಿ ಮಾಡ್ಬಿಡಿ ಸ್ವಾಮಿ. ವರದಿ ಯಾಕೆ? ಹೆಣ್ಮಕ್ಕಳು ಹೆದರಿ ಆಸ್ಪತ್ರೆಗೇ ಬರೋದು ಬಿಡ್ತಾರೆ. ಇನ್ಮೇಲೆ ಸರಿ ಇದ್ರೆ ಆಯ್ತಲ್ಲ?" ಒಳ್ಳೆಯ ಮನುಷ್ಯ. ಮಾತಿನಲ್ಲಿ ತಥ್ಯವೂ ಇತ್ತು. ಸ್ಕ್ರೂ ತಿರುಗಿಸಿ, ಮುದ್ರೆ ಒತ್ತಿ, ಕೊಟ್ಟ ಟೀ ಕುಡಿದು ಬಂದೆ. ಅದುವರೆಗೆ ಮನೆಗೆ ಹೋದ ಕೂಸುಗಳ ತಾಯಂದಿರಿಗೆ ಯಾರೂ ಹೇಳಲಿಲ್ಲ. ಅವುಗಳಲ್ಲಿ ಎಷ್ಟು ಉಳಿದವೋ ನನಗೆ ಗೊತ್ತಿಲ್ಲ. ಈಗ ಬದುಕಿದ್ದರೆ ಅವರಿಗೆ ಮೂವತ್ತೈದರ ಹತ್ತಿರ ವಯಸ್ಸು. ಯಾರಿಗೂ ಗೊತ್ತಾಗದಂತೆ ಸರಿಪಡಿಸುವ ವಿದ್ಯೆಯಲ್ಲಿ ನಾನು ನಿಮಗಿಂತ ಹಳಬ.

ಜುಲೈವರೆಗೆ ಕಾಯಿರಿ ಎನ್ನುತ್ತೀರಿ. ಮಲ್ಲಿಯ ಮೂಳೆ ಜೂನಿನಿಂದ ಅಕ್ಟೋಬರಿನವರೆಗೆ ಕಾದಿತ್ತು.

ನಿಮ್ಮ ಪತ್ರದಲ್ಲಿ ಹನ್ನೊಂದು ಮಕ್ಕಳಿದ್ದಾರೆ, ಒಂದು ಹೆಸರೂ ಇಲ್ಲ. ಅದನ್ನು ನೀವು ಮರೆತು ಬಿಟ್ಟದ್ದಲ್ಲ. ಹಾಗಾಗಿ ಮೊನ್ನೆ ಸೋಮವಾರದಿಂದ ನಿಮ್ಮ ಗೇಟಿನ ಬಳಿ ನಿಲ್ಲುತ್ತಿದ್ದೇನೆ. ಮಗುವನ್ನು ಬಿಡಲು ಬರುವ ಪ್ರತಿಯೊಬ್ಬರನ್ನೂ ಕೇಳುತ್ತೇನೆ, "ನಿಮ್ಮ ಮಗೂದು ಯಾವ ಕಾರ್ಡು ತೆಗ್ದಿದ್ದಾರೆ?" ಹೆಚ್ಚಿನವರು ನನ್ನನ್ನು ಹುಚ್ಚನೆಂದು ಸುತ್ತುಬಳಸಿ ಹೋಗುತ್ತಾರೆ. ಒಬ್ಬಾತ ಗದರಿದ, "ಅವರು ಓದಿದೋರು ಕಣಯ್ಯಾ, ನಿಂಗೇನ್ ಗೊತ್ತು?" ನಾನು ಮಗಳಿಗೆ ಹೇಳಿದ್ದೂ ಹೆಚ್ಚುಕಡಿಮೆ ಇದೇ ಧಾಟಿಯಲ್ಲಿ. ಒಬ್ಬ ತಾಯಿ ಮಾತ್ರ ನಿಂತಳು. ಆರು ವರ್ಷದ ಮಗನ ಕೈ ಹಿಡಿದಿದ್ದಳು. "'ಅಮ್ಮ' ಅನ್ನೋ ಕಾರ್ಡು ತೆಗ್ದಿದ್ದಾರೆ ತಾತ. ದಿನಾ ಅಷ್ಟು ಸಲ ಕೊಟ್ರೆ ಅಂಟಿಕೊಳ್ಳೋ ಬುದ್ಧಿ ಬರುತ್ತಂತೆ. ನಾನೇ ಹ್ಞೂಂ ಅಂದೆ," ಎಂದಳು. ಆಮೇಲೆ ನನ್ನನ್ನೇ ಕೇಳಿದಳು, "ತಪ್ಪಾಯ್ತಾ?"

ಆಕೆಗೆ ಉತ್ತರ ಕೊಡಬೇಕಾದವನು ಗೇಟಿನ ಹೊರಗಿನ ಮುದುಕನಲ್ಲ.

ಜೂನ್ ಏಳು, ಶನಿವಾರ, ಹನ್ನೊಂದು ಗಂಟೆಗೆ ನಿಮ್ಮ ಸಭಾಂಗಣದಲ್ಲಿ ಪಾಲಕರ ವಾರ್ಷಿಕ ಸಭೆ ಇದೆ. ನೋಟಿಸು ಗೇಟಿನ ಮೇಲೇ ಅಂಟಿಸಿದ್ದೀರಿ. ಅಲ್ಲಿಗೆ ನಾನು ಬರುತ್ತೇನೆ. ಈ ಏಳೂ ಪತ್ರಗಳ ಪ್ರತಿ ಒಂದೊಂದು ಕುರ್ಚಿಯ ಮೇಲೂ ಇರುತ್ತದೆ. ಅದೇ ಬೆಳಿಗ್ಗೆ ಪತ್ರಿಕೆಯ ಕಚೇರಿಗೂ, ನಿಮಗೆ ಪರವಾನಗಿ ಕೊಟ್ಟ ಮಂಡಳಿಗೂ ಒಂದೊಂದು ಹೋಗುತ್ತದೆ. ಮೊದಲು ನಾನು ಎದ್ದು ಆಗಸ್ಟ್ ಎರಡರ ನನ್ನ ಸಾಲನ್ನು ಓದುತ್ತೇನೆ, ಯಾವ ಮುಖ ಇಟ್ಟುಕೊಂಡು ಓದುತ್ತೇನೋ ಗೊತ್ತಿಲ್ಲ, ಓದುತ್ತೇನೆ. ಮಗಳಿಗೂ ಹೇಳಿದ್ದೇನೆ. ಬರುವುದಿಲ್ಲ ಎಂದಳು.

ನಿಮ್ಮ ಕೆಲಸ ಹೋಗುತ್ತದೆ. ಹೋಗಲಿ. ಕೇಂದ್ರ ಮುಚ್ಚಿದರೆ ಎಂಬತ್ತು ಮನೆಗಳು ನನ್ನನ್ನು ಶಪಿಸುತ್ತವೆ. ಶಪಿಸಲಿ. ಗೊತ್ತಿದ್ದು ಶಪಿಸುತ್ತಾರೆ.

ನನಗೆ ಇನ್ನು ಪತ್ರ ಬರೆಯಬೇಡಿ. ಕ್ಷಮೆಯ ಪತ್ರವೂ ಬೇಡ. ಆ ಸಭೆಯಲ್ಲಿ ನಿರ್ದೇಶಕರ ಪಕ್ಕದ ಕುರ್ಚಿಯಿಂದ ಎದ್ದು ಮೈಕಿನ ಮುಂದೆ ನಿಂತು ಹನ್ನೊಂದು ಹೆಸರುಗಳನ್ನು ಓದಿ. ಯಾವ ಮಗು, ಯಾವ ಕಾರ್ಡು, ತೆಗೆದ ತಾರೀಖು, ತೆಗೆಸಿದವರು ಯಾರು. ಆ ಎಂಟು ಮಕ್ಕಳಲ್ಲಿ ಯಾರನ್ನಾದರೂ ಒಬ್ಬ ಡಾಕ್ಟರು ಮುಟ್ಟಿ ನೋಡಿದ್ದಾರೆಯೇ? ಅವರಲ್ಲಿ ಯಾರಿಗೆ ಇವತ್ತು ನಿಜಕ್ಕೂ ನೋಯುತ್ತಿದೆ? ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು, ಅವರ ತಾಯಿ ತಂದೆಯರ ಮುಖ ನೋಡಿಕೊಂಡು, ಎಲ್ಲರಿಗೂ ಕೇಳಿಸುವಂತೆ ಹೇಳಿ.

ಮಲ್ಲಿಯ ತಾತ